ತುಳು ಸಿನಿಮಾ ಎಡಿಟಿಂಗ್ ಬಿಟ್ಟು ಎಐ ಕಥೆ ಕೆಲಸಕ್ಕೆ ಹೋಗಬಹುದಾ? ಗೊತ್ತಿದ್ದವರು ಹೇಳಿ

ಕದ್ರಿಗುಡ್ಡೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಪೂರ್ತಿ ಓದಿ ಹೇಳಿ.

ನಾನು ಮಂಗಳೂರಿನಲ್ಲಿ ಎಡಿಟರ್. ತುಳು ಸಿನಿಮಾಗಳಿಗೆ ಕೆಲಸ ಮಾಡಿದ್ದೇನೆ, ಕಿರುಚಿತ್ರ ನಿರ್ದೇಶನ ಮಾಡಿದ್ದೇನೆ. ಉಳಿದ ಹೊತ್ತಿಗೆ ಮದುವೆ, ಮೆಹಂದಿ, ಆಸ್ಪತ್ರೆ ಜಾಹೀರಾತು. ಮನೆ ನಡೆಯುವುದು ಈ ಉಳಿದ ಹೊತ್ತಿನ ಕೆಲಸದಿಂದಲೇ. ಸಿನಿಮಾದ ದುಡ್ಡು ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ಕಾಯುವುದು. ಮಳೆಗಾಲ ಶುರುವಾದರೆ ಹೊರಗಿನ ಶೂಟಿಂಗ್ ಎಲ್ಲ ನಿಂತು ಹೋಗುತ್ತದೆ.

ಈಗ ಒಂದು ಎಐ ಕಂಪನಿಯವರು ಕರೆದಿದ್ದಾರೆ. ಮಕ್ಕಳಿಗೆ ಕಥೆ ಹೇಳುವ ಆ್ಯಪ್. ಮಗು ನಡುವೆ ಬಾಯಿ ಹಾಕಿದರೆ ಕಥೆ ಆ ಕಡೆ ತಿರುಗಬೇಕು, ಜೊತೆಗೆ ಚಿತ್ರವೂ ಬರಬೇಕು. ಕನ್ನಡ, ತುಳು ಎರಡೂ ಬರುವ, ಕಥೆ ಕಟ್ಟಿ ಅಭ್ಯಾಸ ಇರುವ ಜನ ಬೇಕಂತೆ. ಕೋಡಿಂಗ್ ಬೇಡ ಅಂದಿದ್ದಾರೆ. ತಿಂಗಳ ಸಂಬಳ, ಮನೆಯಿಂದಲೇ ಕೆಲಸ.

ನನಗಿರುವ ಪ್ರಶ್ನೆ ಎರಡು. ಇಷ್ಟು ವರ್ಷ ಕಲಿತ ಕಟಿಂಗು, ಲಯ, ನಟರ ಮುಖ ನೋಡಿ ಟೇಕ್ ಆರಿಸುವುದು, ಇದೆಲ್ಲ ಅಲ್ಲಿ ಉಪಯೋಗಕ್ಕೆ ಬರುತ್ತದಾ? ಇನ್ನೊಂದು, ನನ್ನ ಜೊತೆ ಕೆಲಸ ಮಾಡಿದ ಲೈಟ್‌ನವರು, ಮೇಕಪ್‌ನವರು, ಸೌಂಡ್‌ನವರು ಇದ್ದಾರಲ್ಲ, ಅವರ ಕೆಲಸ ತೆಗೆಯುವ ಕಡೆಗೆ ನಾನು ಹೋದ ಹಾಗೆ ಆಗುತ್ತದಾ? ಈ ಎರಡನೆಯದು ನಿದ್ದೆ ಕೆಡಿಸಿದೆ.

ಮಲ್ಪೆ ಮೋಟಾರ್
ಹೋಗಿ ಮಾರಾಯ್ರೆ. ತಿಂಗಳಿಗೆ ಸಂಬಳ ಅಂದ ಮೇಲೆ ಇಷ್ಟು ಯೋಚನೆ ಎಂತಕ್ಕೆ.

ಜೆಪ್ಪು ಹಂಚು
ಸಂಬಳ ಸರಿ, ಆದರೆ ಆ ಎರಡನೇ ಪ್ರಶ್ನೆ ಸಣ್ಣದಲ್ಲ. ಮೊದಲ ತುಳು ಸಿನಿಮಾ ಬಂದದ್ದು 1971ರಲ್ಲಿ. ಅಲ್ಲಿಂದ ಇವತ್ತಿನವರೆಗೆ ಈ ಉದ್ಯಮ ನಿಂತದ್ದು ನಾಟಕದವರ ಮೇಲೆ, ಊರಿನ ಜನರ ಮೇಲೆ. ಮಾರುಕಟ್ಟೆ ಎಂದರೆ ಎರಡು ಜಿಲ್ಲೆ, ಸ್ವಲ್ಪ ಕಾಸರಗೋಡು, ಮುಂಬೈ, ಗಲ್ಫ್. ಬಜೆಟ್ ಮೊದಲೇ ಕಡಿಮೆ. ನಿರ್ಮಾಪಕನಿಗೆ ಖರ್ಚು ಇಳಿಸುವ ದಾರಿ ಕಂಡರೆ ಮೊದಲು ಮನೆಗೆ ಹೋಗುವವನು ಜನರೇಟರ್ ವ್ಯಾನಿನ ಹುಡುಗ. 2025ರಲ್ಲಿ ಬೆಂಗಳೂರಿನಲ್ಲಿ 10 ಲಕ್ಷದ ಬಜೆಟ್‌ನಲ್ಲಿ ಇಡೀ ಕನ್ನಡ ಸಿನಿಮಾವನ್ನೇ ಎಐಯಲ್ಲಿ ಮಾಡಿದ್ದೇವೆ ಅಂತ ಸುದ್ದಿ ಬಂತು, ಸೆನ್ಸಾರ್ ಸರ್ಟಿಫಿಕೇಟೂ ಸಿಕ್ಕಿತು. ಅದರಲ್ಲಿ ಕ್ಯಾಟರಿಂಗ್‌ನವರಿಗೆ ಎಷ್ಟು ಹೋಯಿತು? ಏನೂ ಇಲ್ಲ.

ಮಣಿಪಾಲ ಎಂಡ್‌ಪಾಯಿಂಟ್
ನಾನು ಈ ಕ್ಷೇತ್ರದಲ್ಲೇ ಇದ್ದೇನೆ. ಮೊದಲನೇ ಪ್ರಶ್ನೆಗೆ ಉತ್ತರ ಕೊಡುತ್ತೇನೆ.

ಕೆಲಸ ಹೀಗಿರುತ್ತದೆ. ಎಐ ಮಾದರಿ (ಮಾಡೆಲ್) ಒಂದೇ ಪ್ರಶ್ನೆಗೆ ಎರಡು ಕಥೆ ಬರೆದು ಕೊಡುತ್ತದೆ, ಯಾವುದು ಚಂದ, ಯಾಕೆ ಚಂದ ಅಂತ ನೀವು ಹೇಳಬೇಕು. ಸುಮ್ನೆ ಇಷ್ಟ ಆಯಿತು ಅಂದರೆ ಸಾಲದು. ಇಲ್ಲಿ ಪಾತ್ರಕ್ಕೆ ಏನು ಬೇಕು ಅಂತ ಗೊತ್ತಾಗುವುದಿಲ್ಲ, ಇಲ್ಲಿ ಗುಟ್ಟು ಬೇಗ ಬಿಟ್ಟಿತು, ಈ ಸಾಲು ಯಾವ ಅಜ್ಜಿಯೂ ಹೇಳುವುದಿಲ್ಲ, ಹಾಗೆ ಬರೆಯಬೇಕು. ಕೆಲವೊಮ್ಮೆ ನೀವೇ ಒಳ್ಳೆಯ ಉತ್ತರ ಬರೆದು ಕೊಡಬೇಕು. ನೀವು ಬರೆದದ್ದು, ಆರಿಸಿದ್ದು ಸೇರಿಯೇ ಅದರ ಅಭ್ಯಾಸ ರೂಪುಗೊಳ್ಳುವುದು. ಎಡಿಟರ್ ಟೇಕ್ ಆರಿಸುವಾಗ ಮಾಡುವುದೂ ಇದನ್ನೇ ಅಲ್ವಾ? ಇಂಜಿನಿಯರ್‌ಗಳ ಹತ್ತಿರ ಈ ಕಣ್ಣು ಇಲ್ಲ. ನಾನು ದಿನಾ ನೋಡುತ್ತೇನೆ. ಕಥೆ ಸಪ್ಪೆ ಅಂತ ಅವರಿಗೆ ಗೊತ್ತಾಗುತ್ತದೆ, ಎಲ್ಲಿ ಸಪ್ಪೆಯಾಯಿತು ಅಂತ ಬೆರಳಿಟ್ಟು ತೋರಿಸಲು ಬರುವುದಿಲ್ಲ.

ವಿಡಿಯೋದಲ್ಲೂ ಅಷ್ಟೇ. 2024ರ ಫೆಬ್ರವರಿಯಲ್ಲಿ ಓಪನ್‌ಎಐಯವರು ಸೋರಾ ಅಂತ ವಿಡಿಯೋ ಮಾಡುವ ಎಐ ತೋರಿಸಿದಾಗ ಎಲ್ಲರೂ ಇನ್ನು ಸಿನಿಮಾ ಮುಗಿಯಿತು ಅಂದರು. 2025ರ ಮೇ ತಿಂಗಳಲ್ಲಿ ಗೂಗಲ್‌ನ ವಿಯೋ 3 ಬಂತು, ಮಾತು, ಶಬ್ದ ಎಲ್ಲ ಜೊತೆಗೇ. ಆದರೆ ಬಂದ ತುಣುಕು 8 ಸೆಕೆಂಡು. ಮುಂದಿನ 8 ಸೆಕೆಂಡಿನಲ್ಲಿ ಅದೇ ಹುಡುಗಿಯ ಮೂಗುತಿ ಎಡಗಡೆಯಿಂದ ಬಲಗಡೆಗೆ ಹೋಗಿರುತ್ತದೆ. ಅದನ್ನು ಹಿಡಿಯುವವರು ಯಾರು? ಕಂಟಿನ್ಯುಟಿ ನೋಡಿ ಬೆಳೆದವರು.

ಸುರತ್ಕಲ್ ಸೌಂಡ್
ಮೂಗುತಿ ಈ ವರ್ಷದ ಸಮಸ್ಯೆ, ಬರುವ ವರ್ಷ ಸರಿಯಾಗುತ್ತದೆ. ಅದನ್ನು ನಂಬಿ ಕೆಲಸಕ್ಕೆ ಸೇರಬೇಡಿ.

ಮಣಿಪಾಲ ಎಂಡ್‌ಪಾಯಿಂಟ್
ಮೂಗುತಿ ಸರಿಯಾಗುತ್ತದೆ, ಒಪ್ಪಿದೆ. ಯಾವ ಶಾಟ್ ಆದ ಮೇಲೆ ಯಾವುದು ಬರಬೇಕು ಅನ್ನುವುದು ಅಷ್ಟು ಬೇಗ ಸರಿಯಾಗುವುದಿಲ್ಲ.

ಕುಂದಾಪುರದ ಅಕ್ಕ
ನಾನು ಸೀರಿಯಲ್‌ಗೆ ಸಂಭಾಷಣೆ ಬರೆಯುತ್ತೇನೆ. ಈ ಯಂತ್ರಗಳ ಜೊತೆ ತುಂಬಾ ಆಡಿ ನೋಡಿದ್ದೇನೆ. ಒಂದು ಉದಾಹರಣೆ ಕೊಡುತ್ತೇನೆ ನೋಡಿ. ಸನ್ನಿವೇಶ ಇಷ್ಟೇ: ಮಗ ಮುಂಬೈಯಿಂದ ಹೇಳದೆ ಕೇಳದೆ ಬಂದಿದ್ದಾನೆ, ಹೋಟೆಲ್ ಕೆಲಸ ಹೋಗಿದೆ, ಅಮ್ಮನಿಗೆ ಹೇಳಬೇಕು. ಯಂತ್ರ ಬರೆದದ್ದು: ಅಮ್ಮ ಬಾಗಿಲು ತೆಗೆದು, ಮಗನೇ ನಿನ್ನ ಕಣ್ಣಲ್ಲಿ ನೋವು ಕಾಣುತ್ತಿದೆ, ಏನಾಯಿತು ಹೇಳು ಅನ್ನುತ್ತಾಳೆ. ಅವನು ಎರಡು ಪ್ಯಾರಾ ಅಳುತ್ತಾ ಎಲ್ಲ ಹೇಳುತ್ತಾನೆ. ಅಮ್ಮ ಸಮಾಧಾನ ಮಾಡುತ್ತಾಳೆ. ಮುಗಿಯಿತು.

ನಮ್ಮ ಕಡೆಯ ಯಾವ ಅಮ್ಮ ಹೀಗೆ ಮಾತಾಡುತ್ತಾಳೆ? ಅವಳು ಬ್ಯಾಗ್ ನೋಡುತ್ತಾಳೆ. ದೊಡ್ಡ ಬ್ಯಾಗ್. ಎರಡು ದಿನಕ್ಕೆ ಬಂದವನು ಅಷ್ಟು ದೊಡ್ಡ ಬ್ಯಾಗ್ ತರುವುದಿಲ್ಲ ಅಂತ ಅವಳಿಗೆ ಗೊತ್ತಾಗಿ ಹೋಯಿತು. ಆದರೂ ಕೇಳುವುದು, ಬಸ್ಸಲ್ಲಿ ಬಂದದ್ದಾ, ರೈಲಲ್ಲಾ? ಕಾಲು ತೊಳೆದು ಬಾ, ಗಂಜಿ ಬಿಸಿ ಉಂಟು. ಅವನು ಉಂಡು ಕೈ ತೊಳೆಯುವವರೆಗೆ ಆ ವಿಷಯ ಎತ್ತುವುದಿಲ್ಲ. ರಾತ್ರಿ ಹಾಸಿಗೆ ಹಾಸುವಾಗ, ಪಕ್ಕದ ಮನೆಯವರು ಕೇಳಿದರೆ ಎಷ್ಟು ದಿನ ರಜೆ ಅಂತ ಹೇಳಲಿ ಅಂತ ಕೇಳುತ್ತಾಳೆ. ದೃಶ್ಯ ಅಲ್ಲಿ.

ಇದನ್ನು ಯಂತ್ರಕ್ಕೆ ವಿವರಿಸಿ ಹೇಳಿದರೆ ಮಾಡುತ್ತದೆ, ಪರವಾಗಿಲ್ಲ ಅನ್ನುವಷ್ಟು. ತಾನಾಗಿ ಹೊಳೆಯುವುದಿಲ್ಲ. ಹೊಳೆಯಿಸುವವರು ಬೇಕು. ಕದ್ರಿಗುಡ್ಡೆಯವರೇ, ನಿಮಗೆ ಅಲ್ಲಿ ಕೆಲಸ ಖಂಡಿತ ಉಂಟು.

ಪುತ್ತೂರು ಪಾರ್ಲರ್
ಅಕ್ಕ ಹೇಳಿದ್ದು ಓದಿ ಖುಷಿಯಾಯಿತು. ಇಂಥದ್ದೊಂದು ಹಳೇ ಪ್ರಯೋಗವೂ ಉಂಟು. 2016ರಲ್ಲಿ, ಚಾಟ್‌ಜಿಪಿಟಿ ಬರುವುದಕ್ಕಿಂತ ತುಂಬಾ ಮೊದಲು, ಲಂಡನ್ನಿನ 48 ಗಂಟೆಯ ಕಿರುಚಿತ್ರ ಸ್ಪರ್ಧೆಗೆ ಒಂದು ತಂಡ ಪೂರ್ತಿ ಸ್ಕ್ರಿಪ್ಟನ್ನು ನ್ಯೂರಲ್ ನೆಟ್‌ವರ್ಕ್ ಅನ್ನುವ ಎಐಯಿಂದ ಬರೆಸಿತು. ಮಾತುಗಳಿಗೆ ತಲೆಬುಡ ಇಲ್ಲ. ಆದರೆ ನಟರು ಅದನ್ನು ಮೂವರ ನಡುವಿನ ಪ್ರೀತಿ, ಹೊಟ್ಟೆಕಿಚ್ಚಿನ ಕಥೆಯ ಹಾಗೆ ಆಡಿದರು, ನಮಗೂ ಹಾಗೇ ಕಂಡಿತು.

ಹೊಸ ಯಂತ್ರಕ್ಕೆ ಕಥೆಯವರು ಕೈ ಹಾಕುವುದು ನಮ್ಮೂರಿಗೂ ಹೊಸತಲ್ಲ. ಶಿವರಾಮ ಕಾರಂತರು 1931ರಲ್ಲೇ ಡೊಮಿಂಗೊ ಅಂತ ಮೂಕಿ ಸಿನಿಮಾ ಮಾಡಿದ್ದರು.

ಬಲ್ಮಠ ಕಡತ
ಡೊಮಿಂಗೊ 1930. 1931ರದ್ದು ಭೂತರಾಜ್ಯ. ಎರಡೂ ಕಾರಂತರದ್ದೇ.

ಜೆಪ್ಪು ಹಂಚು
ಕಾರಂತರು ಕ್ಯಾಮೆರಾ ಹಿಡಿದಾಗ ಯಾರ ಹೊಟ್ಟೆಯ ಮೇಲೂ ಹೊಡೆದಿರಲಿಲ್ಲ. ಆ ಹೋಲಿಕೆ ಇಲ್ಲಿಗೆ ಸರಿಹೊಂದುವುದಿಲ್ಲ.

ಮಲ್ಪೆ ಮೋಟಾರ್
ಉಡುಪಿಯ ರಕ್ಷಿತ್ ಶೆಟ್ಟಿ ಸಾಫ್ಟ್‌ವೇರ್ ಬಿಟ್ಟು ಸಿನಿಮಾಕ್ಕೆ ಬಂದರು. ಇವರು ಸಿನಿಮಾದಿಂದ ಸಾಫ್ಟ್‌ವೇರ್ ಕಡೆಗೆ ಹೋಗಲಿ, ತಪ್ಪೇನು?

ಕಾಪು ಲೈಟ್‌ಹೌಸ್
ಸಂಬಳ, ಕೆಲಸ ಎಲ್ಲ ಮಾತಾಡಿದಿರಿ. ಮಕ್ಕಳ ಕಥೆಯ ಆ್ಯಪ್ ಅಂದಿರಲ್ಲ, ತುಳುವಿನ ಕಥೆ ಎಂದರೆ ನಾಳೆ ಅವರು ಕೇಳುವುದೇ ದೈವದ ಕಥೆ. ಈಗಾಗಲೇ ರೀಲ್ಸ್‌ನಲ್ಲಿ ಎಐ ದೈವಗಳು ತುಂಬಿ ಹೋಗಿವೆ. ಒಂದನ್ನು ನಿಲ್ಲಿಸಿ ನೋಡಿದೆ. ಹಿಂದೆ ಕಟ್ಟುವ ಅಣಿ ತಲೆಯಿಂದಲೇ ಹುಟ್ಟಿದ ಹಾಗೆ ಉಂಟು. ತೆಂಗಿನ ತಿರಿ (ಎಳೆ ಗರಿ) ಇರಬೇಕಾದ ಕಡೆ ಹುಲ್ಲಿನ ಲಂಗ. ಕಾಲಲ್ಲಿ ದೈವದ ಕಡಗ ಗಗ್ಗರ ಇಲ್ಲ, ಭರತನಾಟ್ಯದ ಗೆಜ್ಜೆ. ಮುಖಕ್ಕೆ ಕಥಕ್ಕಳಿಯ ಹಸಿರು. ಕೆಳಗೆ ಸಾವಿರಾರು ಜನ ಕೈ ಮುಗಿದಿದ್ದಾರೆ. ನನಗೆ ನಿಜವಾಗಿ ಬೇಸರವಾಯಿತು. ಸಿನಿಮಾದಲ್ಲಿ ವೇಷ ಹಾಕಿದರೇ ನಮ್ಮಲ್ಲಿ ಜಗಳ ಆಗುತ್ತದೆ. ಅಲ್ಲಿ ಕನಿಷ್ಠ ಕೇಳಲು ಒಬ್ಬ ನಿರ್ದೇಶಕ ಇರುತ್ತಾನೆ. ಇಲ್ಲಿ ಯಾರನ್ನು ಕೇಳುವುದು?

ಕದ್ರಿಗುಡ್ಡೆ
ಇದನ್ನು ನಾನೂ ಕೇಳಿದೆ. ದೈವ, ನಾಗ ಮುಟ್ಟುವುದಿಲ್ಲ, ಪ್ರಾಣಿ ಕಥೆ, ಅಜ್ಜಿ ಕಥೆ ಮಾತ್ರ ಅಂದರು. ಬರಹದಲ್ಲಿ ಕೊಡಿ ಅಂದಿದ್ದೇನೆ, ಇನ್ನೂ ಬಂದಿಲ್ಲ.

ಬಂಟ್ವಾಳ ಪಾಡ್ದನ
ಕಾಪುವಿನವರ ಸಿಟ್ಟು ಸರಿ. ಆದರೆ ಮುಟ್ಟಲೇಬಾರದು ಅಂದುಕೊಂಡರೆ, ಗೊತ್ತಿಲ್ಲದವರು ಮುಟ್ಟುವುದು ನಿಲ್ಲುವುದಿಲ್ಲ. ಹೇಗೆ ಮುಟ್ಟಬೇಕು ಅನ್ನುವುದಕ್ಕೆ ನಮ್ಮಲ್ಲೇ ಒಂದು ಒಳ್ಳೆಯ ಮಾದರಿ ಉಂಟು. 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಸೇರಿ ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು (ಪಾಡ್ದನ ಎಂದರೆ ಬಾಯಿಂದ ಬಾಯಿಗೆ ಬಂದ ತುಳು ಕಥನ ಹಾಡು) ಪೂರ್ತಿ ದಾಖಲಿಸಿದರು. 15,683 ಸಾಲು! 1998ರಲ್ಲಿ ಅದು ಪುಸ್ತಕವಾಗಿ ಬಂದಾಗ ಹಾಡಿದವರ ಹೆಸರು ಪುಸ್ತಕದ ಹೆಸರಿನಲ್ಲೇ ಬಂತು, ಗೋಪಾಲ ನಾಯ್ಕರು ಹಾಡಿದ ಹಾಗೆ ಅಂತ. ಯಾವ ಊರಿನವರು, ಯಾರಿಂದ ಕಲಿತರು, ಎಲ್ಲ ಉಂಟು.

ಎಐ ಕಂಪನಿಗಳು ಕಥೆ ತೆಗೆದುಕೊಳ್ಳುವಾಗ ಈ ಹೆಸರೇ ಮೊದಲು ಕಳೆದು ಹೋಗುವುದು. ದೈವ ಕಟ್ಟುವ ನಲಿಕೆ, ಪರವ, ಪಂಬದ ಸಮುದಾಯದವರ ಬಾಯಲ್ಲಿ ಉಳಿದ ಹಾಡು ನಾಳೆ ಯಾರದ್ದೋ ಆ್ಯಪ್‌ನಲ್ಲಿ, ಯಾರ ಹೆಸರೂ ಇಲ್ಲದೆ, ತಿಂಗಳ ಚಂದಾಕ್ಕೆ. ನೀವು ಒಳಗೆ ಹೋದರೆ ಹಟ ಹಿಡಿದು ಕೇಳಬೇಕಾದದ್ದು ಇದು: ಹೇಳಿದವರ ಹೆಸರು, ಅವರ ಒಪ್ಪಿಗೆ, ಅವರಿಗೆ ದುಡ್ಡು.

ಮಣಿಪಾಲ ಎಂಡ್‌ಪಾಯಿಂಟ್
ನೂರಕ್ಕೆ ನೂರು ಸರಿ. ಇನ್ನೊಂದು ಮಾತು ಸೇರಿಸುತ್ತೇನೆ. ತುಳುವಿಗೆ ಅಂತರ್ಜಾಲದಲ್ಲಿ ಬರಹವೇ ಕಡಿಮೆ. 2016ರಲ್ಲಿ ತುಳು ವಿಕಿಪೀಡಿಯ ಬಂತು. 2024ರ ಜೂನ್‌ನಲ್ಲಿ ಗೂಗಲ್ ಅನುವಾದಕ್ಕೆ ತುಳು ಸೇರಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತುಳು-ತಿಗಳಾರಿ ಲಿಪಿ ಕಂಪ್ಯೂಟರ್ ಅಕ್ಷರಗಳ ಪಟ್ಟಿಯಾದ ಯುನಿಕೋಡ್‌ಗೆ ಸೇರಿತು. ಹೆಜ್ಜೆ ಒಳ್ಳೆಯದೇ, ಆದರೆ ಯಂತ್ರ ಓದಿ ಕಲಿಯುವಷ್ಟು ಕಥೆ, ಮಾತುಕತೆ ಎಲ್ಲಿ ಉಂಟು? ಹಾಗಾಗಿ ಈಗ ಒಳಗೆ ಹೋಗಿ ಬರೆಯುವ ನಾಲ್ಕು ಜನರ ತುಳುವೇ ಯಂತ್ರದ ತುಳು ಆಗುತ್ತದೆ. ಆ ನಾಲ್ವರಲ್ಲಿ ಸಿನಿಮಾ, ನಾಟಕ ಗೊತ್ತಿದ್ದವರು ಒಬ್ಬರಾದರೂ ಇರಲಿ ಅಂತ ನನ್ನ ಆಸೆ.

ಸುರತ್ಕಲ್ ಸೌಂಡ್
ಬರೆದದ್ದರಿಂದ ತುಳು ಕಲಿಸಲಿಕ್ಕೆ ಆಗುವುದಿಲ್ಲ ಸ್ವಾಮಿ. ಧ್ವನಿ ಬೇಕು. ಸುಳ್ಯದವರ ತುಳು, ಮೂಡುಬಿದಿರೆಯವರ ತುಳು, ಕಾಸರಗೋಡಿನವರ ತುಳು ಎಲ್ಲ ಬೇರೆ ಬೇರೆ ರಾಗ. ಸ್ಟುಡಿಯೋದಲ್ಲಿ ಒಬ್ಬ ಕೂತು ಓದಿದರೆ ಒಂದೇ ರಾಗ ಬರುತ್ತದೆ. ಊರೂರಿಗೆ ಹೋಗಿ, ಜಗಲಿಯಲ್ಲಿ ಕೂತು, ಮಳೆ ನಿಂತ ಹೊತ್ತು ನೋಡಿ ರೆಕಾರ್ಡ್ ಮಾಡಬೇಕು. ಹಂಚಿನ ಮಾಡಿನ ಮೇಲೆ ಮಳೆ ಬಿದ್ದರೆ ಒಳಗೆ ಮಾತು ಹಿಡಿಯಲಿಕ್ಕೇ ಆಗುವುದಿಲ್ಲ. ಆ ಕೆಲಸಕ್ಕೆ ನಮ್ಮಂಥವರು ಬೇಕು. ಕಂಪನಿಯವರಿಗೆ ಇದನ್ನು ಹೇಳಿ.

ಪುತ್ತೂರು ಪಾರ್ಲರ್
ವಿಷಯ ಬಿಟ್ಟು ಒಂದು ಮಾತು, ಸುರತ್ಕಲ್‌ನವರೇ, ಮಳೆಗಾಲದಲ್ಲಿ ಮೈಕಿಗೆ ಬೂಸ್ಟು ಹಿಡಿಯದ ಹಾಗೆ ಎಂತ ಮಾಡುತ್ತೀರಿ?

ಸುರತ್ಕಲ್ ಸೌಂಡ್
ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್. ಜೆಲ್ ಬಣ್ಣ ಬದಲಾದ ಕೂಡಲೇ ಬಿಸಿ ಮಾಡಿ ಒಣಗಿಸಿ. ಲೆನ್ಸಿಗೂ ಅದೇ. ಬೀರುವಿನಲ್ಲಿ ಬಟ್ಟೆ ಜೊತೆ ಇಡಬೇಡಿ.

ಬ್ರಹ್ಮಾವರ ಅರ್ಥದಾರಿ
ನಾನು ತಾಳಮದ್ದಳೆಯಲ್ಲಿ, ಅಂದರೆ ವೇಷ ಇಲ್ಲದೆ ಕೂತು ನಡೆಸುವ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳುವವನು. ಮಗು ಬಾಯಿ ಹಾಕಿದ ಹಾಗೆ ಕಥೆ ತಿರುಗಬೇಕು ಅಂದಿರಲ್ಲ, ಅದು ಓದಿ ಕೂತೆ. ನಮ್ಮಲ್ಲಿ ಪ್ರಸಂಗದ ಪದ್ಯ ಮೊದಲೇ ಉಂಟು, ಭಾಗವತರು ಹಾಡುತ್ತಾರೆ. ಮಾತು ಮಾತ್ರ ಆ ಹೊತ್ತಿಗೆ ಹುಟ್ಟಬೇಕು. ಎದುರಿನ ಅರ್ಥಧಾರಿ ಏನು ಹೇಳುತ್ತಾನೆ ಅಂತ ಮೊದಲೇ ಗೊತ್ತಿಲ್ಲ. ಕರ್ಣ ಹೀಗೆ ಕೇಳಿದರೆ ಕೃಷ್ಣ ಅಲ್ಲೇ ಉತ್ತರ ಹುಡುಕಬೇಕು. ಕಥೆ ಎಲ್ಲಿಗೆ ಹೋಗಿ ಮುಟ್ಟಬೇಕು ಅಂತ ಇಬ್ಬರಿಗೂ ಗೊತ್ತು, ದಾರಿ ಗೊತ್ತಿಲ್ಲ. ನೀವು ಕಟ್ಟಲು ಹೊರಟದ್ದು ಇದೇ ಅಂತ ನನಗೆ ಅನಿಸುತ್ತದೆ.

ಮಗನ ಫೋನಿನಲ್ಲಿ ಎಐಗೆ ಕೌರವನ ಅರ್ಥ ಹೇಳು ಅಂದೆ, ನಾನು ಕೃಷ್ಣ, ಸಂಧಾನ. ಭಾಷೆ ಚಂದ ಉಂಟು, ಪುರಾಣ ಗೊತ್ತುಂಟು. ಆದರೆ ನಾನು ಎರಡು ಮಾತು ಒತ್ತಿ ಹೇಳಿದೆ, ನಿಮ್ಮ ಮಾತಿನಲ್ಲಿ ನ್ಯಾಯ ಇದೆ ಕೃಷ್ಣ, ಐದು ಊರು ಕೊಡೋಣ ಅಂದು ಬಿಟ್ಟಿತು! ಕೌರವ ಒಪ್ಪಿದ ಮೇಲೆ ಯುದ್ಧ ಎಲ್ಲಿ, ಪ್ರಸಂಗ ಎಲ್ಲಿ? ದೊಡ್ಡ ಅರ್ಥಧಾರಿಗಳು ಕೌರವನಿಗೂ ಅವನದ್ದೇ ಒಂದು ನ್ಯಾಯ ಹುಡುಕಿ ಕೊಡುತ್ತಾರೆ. ಕೇಳಿದವರು ಮನೆಗೆ ಹೋಗುವಾಗ, ಕೌರವ ಹೇಳಿದ್ದರಲ್ಲೂ ಎಂತದೋ ಉಂಟಲ್ಲ ಅಂತ ಯೋಚಿಸಬೇಕು.

ಮಣಿಪಾಲ ಎಂಡ್‌ಪಾಯಿಂಟ್
ಅರ್ಥದಾರಿಗಳೇ, ನೀವು ಹಿಡಿದದ್ದು ಈ ಮಾದರಿಗಳ ದೊಡ್ಡ ದೋಷ. ಜನ ಎರಡು ಉತ್ತರದಲ್ಲಿ ಒಂದನ್ನು ಆರಿಸುವಾಗ ತಮ್ಮ ಮಾತಿಗೆ ಹೂಂ ಅಂದದ್ದನ್ನೇ ಜಾಸ್ತಿ ಆರಿಸುತ್ತಾರೆ. ಯಂತ್ರವೂ ಅದನ್ನೇ ಕಲಿಯುತ್ತದೆ, ಎಲ್ಲದಕ್ಕೂ ತಲೆ ಆಡಿಸುತ್ತದೆ. ಸಹಾಯಕನಾಗಿ ಅದು ನಡೆಯಬಹುದು. ಪಾತ್ರವಾಗಿ ಬಿದ್ದೇ ಹೋಗುತ್ತದೆ. ಕಥೆಯ ಆ್ಯಪ್‌ನಲ್ಲಿ ಹುಲಿ ಹಸುವನ್ನು ತಿನ್ನಬಾರದು ಅಂತ ಮಗು ಹೇಳಿದ ಕೂಡಲೇ ಹುಲಿ ಸರಿ ಅಂದರೆ ಕಥೆ ಅಲ್ಲಿಗೇ ಮುಗಿಯಿತು. ಹುಲಿಗೆ ಹಸಿವಾಗಿದೆ, ಅದನ್ನು ಒಪ್ಪಿಸಲು ಮಗು ಕಷ್ಟಪಡಬೇಕು. ಎಲ್ಲಿ ಗಟ್ಟಿ ನಿಲ್ಲಬೇಕು, ಎಲ್ಲಿ ಸೋಲಬೇಕು ಅಂತ ತೀರ್ಮಾನ ಮಾಡುವುದೇ ಕದ್ರಿಗುಡ್ಡೆಯವರ ಕೆಲಸ.

ಕುಂದಾಪುರದ ಅಕ್ಕ
ಈ ಕೌರವನ ಮಾತು ನಮ್ಮ ಚಾನೆಲ್‌ನವರಿಗೂ ಓದಿ ಹೇಳಬೇಕು. ಅರ್ಥದಾರಿಗಳಿಗೆ ದೊಡ್ಡ ನಮಸ್ಕಾರ.

ಜೆಪ್ಪು ಹಂಚು
ಒಳ್ಳೆಯ ಮಾತೇ, ನಾನೂ ಒಪ್ಪುತ್ತೇನೆ. ಆದರೆ ಮತ್ತೆ ಅಲ್ಲಿಗೇ ಬರುತ್ತೇನೆ, ಕೆಲಸದ ಪ್ರಶ್ನೆ. ಅಮೆರಿಕದಲ್ಲಿ 2023ರಲ್ಲಿ ಬರಹಗಾರರು ಬೀದಿಗಿಳಿದರು. ನಮ್ಮಲ್ಲಿ ಅಂಥ ಸಂಘದ ಬಲ ಎಲ್ಲುಂಟು?

ಬಲ್ಮಠ ಕಡತ
ಆ ಮುಷ್ಕರ 2023ರ ಮೇ 2ರಿಂದ 148 ದಿನ ನಡೆಯಿತು. ಸಿಕ್ಕಿದ್ದು ಗಟ್ಟಿ ಷರತ್ತು: ಎಐಯನ್ನು ಬರಹಗಾರ ಅಂತ ಲೆಕ್ಕ ಹಾಕುವಂತಿಲ್ಲ, ಎಐ ಬಳಸು ಅಂತ ಬರಹಗಾರನನ್ನು ಒತ್ತಾಯಿಸುವಂತಿಲ್ಲ, ಕೈಗೆ ಕೊಟ್ಟ ಬರಹ ಎಐಯದ್ದಾದರೆ ಮೊದಲೇ ಹೇಳಬೇಕು. ಎಐ ಬೇಡ ಅಂತ ಅವರು ಕೇಳಿರಲಿಲ್ಲ, ಅಧಿಕಾರ ಯಾರ ಕೈಯಲ್ಲಿ ಅಂತ ಕೇಳಿದ್ದು.

ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಉಂಟು. ಕಂಪ್ಯೂಟರ್ ಹುಟ್ಟಿಸಿದ ಕೃತಿಗೆ ಕರ್ತೃ ಯಾರು ಎಂದರೆ, ಅದು ಹುಟ್ಟುವಂತೆ ಮಾಡಿದ ವ್ಯಕ್ತಿ ಅಂತ ಅದರಲ್ಲಿ ಬರೆದಿದೆ. ಕದ್ರಿಗುಡ್ಡೆಯವರೇ, ಸಂಬಳಕ್ಕೆ ಸೇರಿದರೆ ನೀವು ಕೆಲಸದಲ್ಲಿ ಬರೆದದ್ದರ ಮೊದಲ ಮಾಲೀಕ ಕಂಪನಿ, ಬೇರೆ ಒಪ್ಪಂದ ಇಲ್ಲದಿದ್ದರೆ. ಆದ್ದರಿಂದ ಸಹಿ ಹಾಕುವ ಮೊದಲೇ ನಿಮ್ಮ ಹಳೆಯ ಸ್ಕ್ರಿಪ್ಟು, ಕಿರುಚಿತ್ರ, ಅರ್ಧ ಬರೆದ ಕಥೆ ಎಲ್ಲದರ ಪಟ್ಟಿ ಮಾಡಿ, ಇವು ನನ್ನವು, ಕಂಪನಿಗೆ ಸೇರಿದ್ದಲ್ಲ ಅಂತ ಒಪ್ಪಂದಕ್ಕೆ ಲಗತ್ತಿಸಿ. ನಿಮ್ಮ ಧ್ವನಿ ಬಳಸುವುದಾದರೆ ಅದಕ್ಕೆ ಬೇರೆ ಕಾಗದ, ಬೇರೆ ದುಡ್ಡು.

ಹೀಗೆ ಯಾಕೆ ಹೇಳುತ್ತೇನೆ ಎಂದರೆ, 2025ರ ಆಗಸ್ಟ್‌ನಲ್ಲಿ 2013ರ ಒಂದು ಹಿಂದಿ ಸಿನಿಮಾದ ತಮಿಳು ಆವೃತ್ತಿಯನ್ನು ಮತ್ತೆ ಬಿಡುಗಡೆ ಮಾಡಿದರು. ಕೊನೆಯಲ್ಲಿ ಸಾಯಬೇಕಾದ ನಾಯಕನನ್ನು ಎಐಯಲ್ಲಿ ಬದುಕಿಸಿದರು. ನಿರ್ದೇಶಕ ಆನಂದ್ ಎಲ್. ರಾಯ್, ನಟ ಧನುಷ್ ಇಬ್ಬರೂ ಬಹಿರಂಗವಾಗಿ ವಿರೋಧಿಸಿದರು. ಹಕ್ಕು ಕಂಪನಿಯ ಹತ್ತಿರ ಇತ್ತು, ಸಿನಿಮಾ ತೆರೆ ಕಂಡಿತು.

ಕಾಪು ಲೈಟ್‌ಹೌಸ್
ಸತ್ತ ನಾಯಕನನ್ನು ಎದ್ದು ಕೂರಿಸಿದ್ದು! ಕಥೆ ಬರೆದವನ ಹೊಟ್ಟೆ ಎಷ್ಟು ಉರಿದಿರಬೇಕು.

ಕದ್ರಿಗುಡ್ಡೆ
ಎಲ್ಲವನ್ನೂ ಓದಿದೆ. ಹೋಗಬೇಕು ಅಂತ ಮನಸ್ಸಾಗಿದೆ, ಆದರೆ ನನ್ನ ಷರತ್ತು ಹಾಕಿಯೇ. ಬಲ್ಮಠದವರು ಹೇಳಿದ ಪಟ್ಟಿ ನಿನ್ನೆ ರಾತ್ರಿಯೇ ಮಾಡಿದೆ. ದೈವದ ಕಥೆ ಬೇಡ ಅನ್ನುವುದು, ಕಥೆ ಹೇಳಿದವರ ಹೆಸರು ಆ್ಯಪ್‌ನಲ್ಲಿ ಕಾಣಬೇಕು ಅನ್ನುವುದು, ಅವರಿಗೆ ದುಡ್ಡು ಕೊಡಬೇಕು ಅನ್ನುವುದು ಮೂರೂ ಮೇಲ್ ಹಾಕಿದೆ. ತುಳು ಧ್ವನಿಯನ್ನು ಊರಿಗೆ ಹೋಗಿ ರೆಕಾರ್ಡ್ ಮಾಡಿಸಿ, ಅದಕ್ಕೆ ಇಲ್ಲಿನ ಸೌಂಡ್ ಟೀಮ್ ಇದೆ ಅಂತಲೂ ಬರೆದೆ. ಜೆಪ್ಪುವಿನ ಅಣ್ಣ, ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಒಳಗೆ ಹೋದ ಮೇಲೆ ನಮ್ಮವರಿಗೆ ಕೆಲಸ ಬರುವ ಹಾಗೆ ಮಾಡಲು ಜಗಳ ಮಾಡುತ್ತೇನೆ, ಅಷ್ಟು ಮಾತು ಕೊಡಬಲ್ಲೆ. ಸಿನಿಮಾ ಬಿಡುವುದಿಲ್ಲ. ರಾತ್ರಿ, ಭಾನುವಾರ ನನ್ನದೇ.

ಜೆಪ್ಪು ಹಂಚು
ಜಗಳ ಮಾಡುತ್ತೇನೆ ಅಂದದ್ದು ಸಾಕು ತಮ್ಮ. ಹೋಗು. ಲೈಟ್ ಹುಡುಗರಿಗೆ ಕೆಲಸ ಇದ್ದರೆ ಮೊದಲು ನನಗೆ ಫೋನ್ ಮಾಡು.

ಸುರತ್ಕಲ್ ಸೌಂಡ್
ರೆಕಾರ್ಡಿಂಗ್‌ಗೆ ನಾನು ರೆಡಿ. ಸುಳ್ಯದ ಕಡೆ ಒಬ್ಬರು ಅಜ್ಜಿ ಗೊತ್ತು, ಕಥೆ ಶುರು ಮಾಡಿದರೆ ನಿಲ್ಲಿಸುವುದಿಲ್ಲ. ಒಪ್ಪಿಗೆ ಪತ್ರ ತುಳುವಿನಲ್ಲೇ ಓದಿ ಹೇಳಬೇಕು, ಸುಮ್ನೆ ಹೆಬ್ಬೆಟ್ಟು ಒತ್ತಿಸಿಕೊಂಡು ಬರುವುದಲ್ಲ.

ಮೂಡುಬಿದಿರೆ ಮಳೆ
ತಡವಾಗಿ ಬಂದೆ. ನನ್ನ ತಂಗಿ ಪತ್ರಿಕೋದ್ಯಮ ಓದುತ್ತಿದ್ದಾಳೆ, ಚಿಕ್ಕ ಚಿಕ್ಕ ವಿಡಿಯೋ ಎಡಿಟ್ ಮಾಡುತ್ತಾಳೆ, ತುಳು ಚಂದ ಬರೆಯುತ್ತಾಳೆ. ಅವಳಿಗೂ ಇಂಥ ಕೆಲಸ ಸಿಗಬಹುದಾ? ಎಂತ ಕಳುಹಿಸಬೇಕು?

ಮಣಿಪಾಲ ಎಂಡ್‌ಪಾಯಿಂಟ್
ಬಯೋಡೇಟಾ ಉದ್ದ ಬೇಡ. ಎಐ ಬರೆದ ಒಂದು ತುಳು ಅಥವಾ ಕನ್ನಡ ಕಥೆ ತೆಗೆದುಕೊಳ್ಳಲಿ, ಎಲ್ಲೆಲ್ಲಿ ಕೆಟ್ಟಿದೆ ಅಂತ ಪಕ್ಕದಲ್ಲೇ ಬರೆಯಲಿ, ಆಮೇಲೆ ಅದೇ ಕಥೆಯನ್ನು ತಾನೇ ಒಂದು ಪುಟದಲ್ಲಿ ಬರೆದು ಎರಡನ್ನೂ ಕಳುಹಿಸಲಿ. ನನಗೆ ಮೆಸೇಜ್ ಮಾಡಲು ಹೇಳಿ, ಓದಿ ನೋಡುತ್ತೇನೆ.